ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದಾಗ ಫೈಲ್ ಪಾತ್ ತೊಂದರೆ

ಪ್ರಶ್ನೆ: ವಿಂಡೋಸ್‌ನಲ್ಲಿ ಸರಿಯಾಗಿ ಓಡುವ ಪೈಥಾನ್ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಫೈಲ್ ಸಿಗಲಿಲ್ಲ ಅನ್ನುತ್ತಿದೆ. ಫೈಲ್ ಪಾತ್‌ಗಳಲ್ಲಿ (ಫೈಲ್ ಇರುವ ವಿಳಾಸ) ಕೋಡ್ ತುಂಬಾ ಬ್ಯಾಕ್‌ಸ್ಲ್ಯಾಶ್ (\). ಎಲ್ಲವನ್ನೂ ಫಾರ್ವರ್ಡ್ ಸ್ಲ್ಯಾಶ್ (/) ಮಾಡಿದರೆ ಸಾಕಾ?

ಉತ್ತರ 1: ಬಹುಪಾಲು ಸಾಕು, ವಿಂಡೋಸ್ ಎಪಿಐಗಳು (ಪ್ರೋಗ್ರಾಂಗಳು ವಿಂಡೋಸ್‌ನಿಂದ ಕೆಲಸ ಮಾಡಿಸುವ ಫಂಕ್ಷನ್‌ಗಳು) ಸಾಮಾನ್ಯವಾಗಿ ಅದನ್ನೂ ಒಪ್ಪುತ್ತವೆ. ಲಿನಕ್ಸ್‌ಗೆ ಬ್ಯಾಕ್‌ಸ್ಲ್ಯಾಶ್ ಹೆಸರಿನೊಳಗಿನ ಇನ್ನೊಂದು ಅಕ್ಷರವಷ್ಟೇ. ಹಾಗಾಗಿ ಫೈಲ್ ಬರೆಯುವಾಗ ಎರರ್ ಕೂಡ ಬರಲ್ಲ. ‘ಡೇಟಾ\ಲಾಗ್’ ಅನ್ನೋ ಹೆಸರಿನ ಒಂದೇ ಫೈಲ್ ಹುಟ್ಟಿಕೊಳ್ಳುತ್ತದೆ, ‘ಡೇಟಾ’ ಫೋಲ್ಡರ್ ಒಳಗಿನ ‘ಲಾಗ್’ ಅಲ್ಲ. ಇದೇ ಹೆಚ್ಚು ಅಪಾಯ. ಸ್ಟ್ರಿಂಗ್ ಅಂಟಿಸಿ ಪಾತ್ ಕಟ್ಟುವುದು ಬಿಟ್ಟು ಪಾತ್‌ಲಿಬ್ (ಪಾತ್‌ಗಳಿಗೆಂದೇ ಇರುವ ಪೈಥಾನ್ ಲೈಬ್ರರಿ) ಬಳಸಿ.

ಉತ್ತರ 2: ಸ್ಲ್ಯಾಶ್ ಸರಿಯಾದ ಮೇಲೂ ಫೈಲ್ ಸಿಗದಿದ್ದರೆ ದೊಡ್ಡಕ್ಷರ, ಸಣ್ಣಕ್ಷರ ನೋಡಿ. ವಿಂಡೋಸ್ ಸಾಮಾನ್ಯವಾಗಿ ಭೇದ ಮಾಡಲ್ಲ, ಲಿನಕ್ಸ್ ಮಾಡುತ್ತೆ. ‘ಸಿ:’ ಡ್ರೈವ್ ಕೋಡ್‌ನಲ್ಲಿದ್ದರೆ ತೆಗೆದು ಕಾನ್ಫಿಗ್‌ಗೆ (ಸೆಟ್ಟಿಂಗ್‌ಗಳನ್ನು ಇಡುವ ಬೇರೆ ಫೈಲ್) ಹಾಕಿ.

ಉತ್ತರ 3: ವಾಪಸ್ ವಿಂಡೋಸ್‌ನಲ್ಲೂ ಓಡಬೇಕಾದರೆ ಫೈಲ್ ಹೆಸರಲ್ಲಿ ಕೋಲನ್ (:) ಬೇಡ, ಟೈಮ್‌ಸ್ಟ್ಯಾಂಪ್ (ದಿನಾಂಕ, ಸಮಯ) ಹಾಕುವಾಗ ಇದು ನುಸುಳುತ್ತೆ. ಪಾತ್ 260 ಅಕ್ಷರ ಮೀರದಂತೆಯೂ ನೋಡಿಕೊಳ್ಳಿ.