ಪದ ಬೇಕು: ನ್ಯೂಕ್‌ನ ‘ಗ್ಲೋಬಲ್ ವೇರಿಯಬಲ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಬೇಕು. ಕಾಂಪೋಸಿಟಿಂಗ್ (ಸಿನಿಮಾದಲ್ಲಿ ಬೇರೆ ಬೇರೆ ಚಿತ್ರಗಳನ್ನು ಒಂದೇ ದೃಶ್ಯವಾಗಿ ಬೆಸೆಯುವ ಕೆಲಸ) ಕಲಿಯುವವರಿಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಆ ಕೆಲಸದ ಸಾಫ್ಟ್‌ವೇರ್ ನ್ಯೂಕ್, ಅದರ 2025ರಲ್ಲಿ ಬಂದ 16ನೇ ಆವೃತ್ತಿಯಲ್ಲಿ ಹಲವು ಶಾಟ್‌ಗಳನ್ನು ಒಂದೇ ಸ್ಕ್ರಿಪ್ಟಿನಲ್ಲಿ, ಅಂದರೆ ಒಂದೇ ಕೆಲಸದ ಫೈಲಿನಲ್ಲಿ, ಇಟ್ಟುಕೊಳ್ಳಬಹುದು. ‘ಶಾಟ್’ ಅಂತ ಒಂದು ವೇರಿಯಬಲ್ (ಬೇಕಾದಾಗ ಬೆಲೆ ಬದಲಿಸಬಹುದಾದ ಹೆಸರು) ಮಾಡಿ, ಅದನ್ನು ಶಾಟ್ ಸಂಖ್ಯೆ 010ರಿಂದ 020ಕ್ಕೆ ತಿರುಗಿಸಿದರೆ ರೀಡ್ ನೋಡ್ (ಫೈಲಿನಿಂದ ಚಿತ್ರ ಓದುವ ಘಟಕ) ಬೇರೆ ಪ್ಲೇಟ್ (ಚಿತ್ರೀಕರಿಸಿದ ಮೂಲ ತುಣುಕು) ಎತ್ತಿಕೊಳ್ಳುತ್ತದೆ, ವೇರಿಯಬಲ್‌ಸ್ವಿಚ್ ಬೇರೆ ಕೊಂಬೆಗೆ ಹೊರಳುತ್ತದೆ, ಕೆಳಗಿನ ಬಣ್ಣ ತಿದ್ದುವ ಗ್ರೇಡು, ಫಿಲ್ಮಿನ ಕಣ ಸೇರಿಸುವ ಗ್ರೇನು ಹಾಗೇ ಇರುತ್ತವೆ. ಮೊದಲು ಹನ್ನೆರಡು ಶಾಟ್‌ಗೆ ಹನ್ನೆರಡು ಫೈಲು. ಆಕಾಶ ಚೂರು ನೀಲಿ ಮಾಡಿ ಅಂದರೆ ಹನ್ನೆರಡು ಸಲ ತೆಗೆ, ಮುಚ್ಚು. ಒಮ್ಮೆ ಏಳನೆಯದನ್ನು ಮರೆತು ಚೆನ್ನಾಗಿ ಬೈಸಿಕೊಂಡಿದ್ದೇನೆ.

ಇದಕ್ಕೆ ‘ಜಾಗತಿಕ ಚರಾಕ್ಷರ’ ಅಂತ ಬರೆದಿದ್ದೆ. ಓದಿದವರು ನಕ್ಕರು. ‘ಸಾರ್ವತ್ರಿಕ ಚರ’ ನಡೆಯುತ್ತಾ?

---

ಜಾಗತಿಕ ಬೇಡವೇ ಬೇಡ, ಅದು ತಾಪಮಾನಕ್ಕೆ ಇರಲಿ. ಚರವೂ ಬೇಡ. ಚರ ಅಂದರೆ ಓಡಾಡುವುದು: ಚರಾಸ್ತಿ, ಚರಾಚರ. ವೇರಿಯಬಲ್ ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಮಾರುತ್ತದೆ. ‘ಮಾರು’ ನಮ್ಮದೇ ಬೇರು. ಮಾರುವೇಷ, ಮಾರ್ಪಾಡು ನೋಡಿ. ಹಳಗನ್ನಡದಲ್ಲಿ ಮಾಱು, ಱಕಾರ ಬಿದ್ದುಹೋಗಿ ಮಾರು ಆಯಿತು. ಅಂಗಡಿಯಲ್ಲಿ ಮಾರುವುದೂ ಅದೇ, ಒಂದು ಕೊಟ್ಟು ಬದಲಿಗೆ ಇನ್ನೊಂದು ತಗೊಳ್ಳುವುದು. ತಮಿಳರು ಗಣಿತದ ವೇರಿಯಬಲ್‌ಗೆ ‘ಮಾಱಿ’ ಅಂತಲೇ ಬರೆಯುತ್ತಾರೆ. ನಾವು ಮಾತ್ರ ಸಂಸ್ಕೃತಕ್ಕೆ ಕೈ ಒಡ್ಡಬೇಕಾ? ‘ಒಟ್ಟು ಮಾರುಕ’ ಅನ್ನಿ.

---

ಮಾರಿ ಅಂದರೆ ನಮ್ಮ ಧಾರವಾಡದ ಕಡೆ ಮುಖ, ಶಿರಸಿಯಲ್ಲಿ ಜಾತ್ರೆ. ಮಾರುಕ ಅಂದರೆ ಸಂತೆಯಲ್ಲಿ ಈರುಳ್ಳಿ ಹರವಿಕೊಂಡು ಕೂತವನು. ನೋಡ್, ಪ್ಲೇಟ್, ಶಾಟ್ ಎಲ್ಲವನ್ನೂ ಹಾಗೇ ನುಂಗಿದವರಿಗೆ ವೇರಿಯಬಲ್ ಒಂದೇ ಗಂಟಲಲ್ಲಿ ಸಿಕ್ಕಿಕೊಂಡಿತಾ? ಸುಮ್ನೆ ವೇರಿಯಬಲ್ ಅಂತ ಬರೆಯಿರಿ.

---

ಹಾಗಾದರೆ ಕೈಪಿಡಿಯನ್ನೂ ಮ್ಯಾನ್ಯುಯಲ್ ಅನ್ನಿ. ಒಂದೊಂದೇ ಬಿಟ್ಟುಕೊಟ್ಟು ಕೊನೆಗೆ ವಿಭಕ್ತಿ ಪ್ರತ್ಯಯ ಮಾತ್ರ ಉಳಿಸಿಕೊಳ್ಳೋಣ.

---

ನೀವಿಬ್ಬರೂ ಪಕ್ಕಕ್ಕೆ ಹೋಗಿ ಜಗಳ ಮಾಡಿ. ಕೇಳಿದವರ ತೊಂದರೆ ‘ಗ್ಲೋಬಲ್’ನಲ್ಲಿದೆ. ನ್ಯೂಕ್‌ನವರು ಇದಕ್ಕೆ ಇಟ್ಟ ಹೆಸರು ಗ್ರಾಫ್ ಸ್ಕೋಪ್ ವೇರಿಯಬಲ್. ನ್ಯೂಕ್ ಮಾಡುವ ಅದೇ ಫೌಂಡ್ರಿ ಕಂಪನಿಯವರ ಇನ್ನೊಂದು ಸಾಫ್ಟ್‌ವೇರ್ ಕಟಾನಾದಲ್ಲಿ ಗ್ರಾಫ್ ಸ್ಟೇಟ್ ವೇರಿಯಬಲ್. ಎರಡಕ್ಕೂ ಜಿಎಸ್‌ವಿ ಅಂತಾರೆ, ಎಸ್ ಬೇರೆ ಬೇರೆ. ನ್ಯೂಕ್‌ನಲ್ಲಿ ಮುಖ್ಯವಾದದ್ದು ಸ್ಕೋಪ್, ಅಂದರೆ ವ್ಯಾಪ್ತಿ. ಹೊರಗೆ ಶಾಟ್ 010 ಇದ್ದರೂ ವೇರಿಯಬಲ್‌ಗ್ರೂಪ್ (ನೋಡ್‌ಗಳ ಗುಂಪು) ಒಳಗೆ 020 ಅಂತ ಇಟ್ಟರೆ ಒಳಗೆ 020ದ್ದೇ ನಡೆಯುತ್ತದೆ. ಏನೂ ಇಡದಿದ್ದರೆ ಮಾತ್ರ ಹೊರಗಿನದು ಇಳಿದು ಬರುತ್ತದೆ. ಎಲ್ಲ ಕಡೆ ಅದೇ ನಡೆಯುತ್ತದೆ ಅನ್ನುವ ‘ಸಾರ್ವತ್ರಿಕ’ ಇಲ್ಲಿ ಹೇಗೆ ಸರಿ? ಹುಡುಗರು ಗುಂಪಿನೊಳಗೆ ಯಾಕೆ ಬದಲಾಗಲಿಲ್ಲ ಅಂತ ಒದ್ದಾಡುತ್ತಾರೆ. ‘ಮೇಲ್ಮಟ್ಟದ ವೇರಿಯಬಲ್’, ‘ಗುಂಪಿನ ವೇರಿಯಬಲ್’ ಅಂತ ಜೋಡಿ ಮಾಡಿ.

---

ಮೇಲ್ಮಟ್ಟದ ವೇರಿಯಬಲ್ ಹಾಕಿದೆ, ಥ್ಯಾಂಕ್ಸ್. ‘ಮಾರುಕ’ವನ್ನು ಅಡಿಟಿಪ್ಪಣಿಯಲ್ಲಿ ಕೊಡಲಾ?

---

ಅಡಿಟಿಪ್ಪಣಿಯಲ್ಲಿ ಕೊಡುವುದಾದರೆ ಕೊಡಲೇಬೇಡಿ.