ಸಹಾಯ ಬೇಕು: ಆಂಟಿ-ಡಂಪಿಂಗ್ ಲೆಕ್ಕ ಓದಲು ಕಲಿಸುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಸರ್ಕಾರಿ ವಕೀಲೆಯಾಗಿ ಆಂಟಿ-ಡಂಪಿಂಗ್ ವಿಭಾಗಕ್ಕೆ (ವಿದೇಶಿ ಕಂಪನಿಗಳು ತಮ್ಮ ದೇಶದ ಬೆಲೆಗಿಂತ ಅಗ್ಗವಾಗಿ ಇಲ್ಲಿಗೆ ಸರಕು ಕಳಿಸುತ್ತಿವೆಯೇ ಎಂದು ನೋಡುವ ವಿಭಾಗ) ಬಂದು ಮೂರು ತಿಂಗಳಾಯಿತು. ಕಾನೂನು ಹೇಗೋ ಅರ್ಥವಾಗುತ್ತದೆ, ಎಕ್ಸೆಲ್ ಶೀಟ್ ತೆರೆದರೆ ತಲೆ ತಿರುಗುತ್ತದೆ!

ಡಬ್ಲ್ಯೂಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಆಂಟಿ-ಡಂಪಿಂಗ್ ಒಪ್ಪಂದದ 5.8ನೇ ವಿಧಿ ಪ್ರಕಾರ, ಡಂಪಿಂಗ್ ಮಾರ್ಜಿನ್ (ರಫ್ತುದಾರರ ದೇಶದ ಬೆಲೆಗಿಂತ ರಫ್ತು ಬೆಲೆ ಎಷ್ಟು ಕಡಿಮೆ ಎಂಬ ಅಂತರ) ರಫ್ತು ಬೆಲೆಯ 2%ಗಿಂತ ಕಡಿಮೆಯಿದ್ದರೆ ತನಿಖೆ ಅಲ್ಲಿಗೇ ನಿಲ್ಲಬೇಕು. ನನ್ನ ಫೈಲ್ ಸರಿಯಾಗಿ ಆ ಗೆರೆಯ ಮೇಲೇ ಕೂತಿದೆ. (ಗೋಪ್ಯ ಫೈಲ್, ಅಂಕಿಗಳನ್ನು ಹಾಕುವಂತಿಲ್ಲ.) ಎರಡು ಬೆಲೆಗಳನ್ನು ಹೋಲಿಸುವ ಮುಂಚೆ ಸಾಗಣೆ ಖರ್ಚು, ಉದ್ದರಿ ಕೊಟ್ಟ ದಿನಗಳ ಬಡ್ಡಿ, ಪ್ಯಾಕಿಂಗ್ ಎಲ್ಲವನ್ನೂ ಕಳೆಯಿರಿ ಅನ್ನುತ್ತಾರೆ ರಫ್ತುದಾರರು. 2.4ನೇ ವಿಧಿ ಹೇಳುವ ನ್ಯಾಯವಾದ ಹೋಲಿಕೆ ಅಂದರೆ ಇದೇ ಅಲ್ವಾ? ಆದರೆ ಸುಮ್ನೆ ಹೇಳಿದ್ದಕ್ಕೆಲ್ಲ ತಲೆಯಾಡಿಸೋಕಾಗಲ್ಲ. ಯಾವ ಖರ್ಚಿಗೆ ಯಾವ ದಾಖಲೆ ಕೇಳಬೇಕು?

ಕಾಸ್ಟ್ ಅಕೌಂಟೆಂಟ್‌ಗಳು ಯಾರಾದರೂ ಇದ್ದರೆ, ಕಾಲ್ಪನಿಕ ಅಂಕಿಗಳಲ್ಲೇ ಒಂದು ಲೆಕ್ಕ ಬಿಡಿಸಿ ತೋರಿಸುತ್ತೀರಾ?