ಇಂಜೆಕ್ಷನ್ ಆದ ಮೇಲೂ ಉಣ್ಣೆ: ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತಾ? (ಹೈನುಗಾರರ ಗುಂಪಿನಲ್ಲಿ ಪಶುವೈದ್ಯರ ಜೊತೆ ಮಾತುಕತೆ)

ಅರಸೀಕೆರೆ ರೈತ: ನಮಸ್ಕಾರ ಡಾಕ್ಟ್ರೇ. ನಮ್ಮ ಎಚ್‌ಎಫ್ ತಳಿಯ, ಇನ್ನೂ ಕರು ಹಾಕದ ಕಡಸಿಗೆ ಐವರ್‌ಮೆಕ್ಟಿನ್ ಅನ್ನೋ ಉಣ್ಣೆ ಔಷಧಿ 4 ಮಿಲಿ ಇಂಜೆಕ್ಷನ್ ಹಾಕಿಸಿದ್ದೆ. ಹದಿನೈದು ದಿನಕ್ಕೇ ಕಿವಿ ಒಳಗೆ, ತೊಡೆ ಸಂದಿಯಲ್ಲಿ ಮತ್ತೆ ಉಣ್ಣೆ ತುಂಬಿದೆ. ಔಷಧಿ ಡೂಪ್ಲಿಕೇಟಾ? ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತಾ?

ಡಾಕ್ಟರ್: ಎದೆ ಸುತ್ತಳತೆ, ಭುಜದಿಂದ ಬಾಲದ ಬುಡದವರೆಗೆ ಉದ್ದ, ಎರಡೂ ಇಂಚಿನಲ್ಲಿ ಅಳೆದು ಹೇಳಿ.

ಮದ್ದೂರು ಸದಸ್ಯ: ಇಂಜೆಕ್ಷನ್ ಆದ ಮೇಲೆ ಹಾಲು ಎಷ್ಟು ದಿನ ಬಿಡಬೇಕು ಸರ್?

ಡಾಕ್ಟರ್: ಹಾಲು ಕರೆಯುವ ಹಸುವಿಗೆ ಈ ಇಂಜೆಕ್ಷನ್ನೇ ಬೇಡ. ಹೋದ ವಾರವೂ ಹೇಳಿದ್ದೇನೆ.

ಅರಸೀಕೆರೆ ರೈತ: ಸುತ್ತಳತೆ 64, ಉದ್ದ 55.

ಡಾಕ್ಟರ್: 64ನ್ನು 64ರಿಂದ ಗುಣಿಸಿ, ಮತ್ತೆ 55ರಿಂದ ಗುಣಿಸಿ, 660ರಿಂದ ಭಾಗಿಸಿ. ಕಡಸಿನ ತೂಕ ಸುಮಾರು 340 ಕೆಜಿ. 1 ಪರ್ಸೆಂಟ್ ಔಷಧಿ 50 ಕೆಜಿಗೆ 1 ಮಿಲಿ. ಅಂದರೆ 7 ಮಿಲಿ ಹತ್ತಿರ ಬೇಕಿತ್ತು. ಬಿದ್ದಿರೋದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ರಕ್ತದಲ್ಲಿ ಅಳೆಯಬಹುದು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಟ್ಯೂಬಿಗೆ ರಕ್ತ ತೆಗೆದು, ಪ್ಲಾಸ್ಮಾ ಅಂದರೆ ರಕ್ತದ ತಿಳಿ ಭಾಗ ಬೇರೆ ಮಾಡಿ, ಔಷಧಿಯ ಪ್ರಮಾಣ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ನೋಡುತ್ತಾರೆ. ಲೆಕ್ಕ ನ್ಯಾನೋಗ್ರಾಂನಲ್ಲಿ, ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಚರ್ಮದಡಿ ಕೊಟ್ಟ ಔಷಧಿ ಮೊದಲ ಕೆಲವು ದಿನ ಜಾಸ್ತಿ ಇದ್ದು, ಆಮೇಲೆ ನಿಧಾನಕ್ಕೆ ಇಳಿಯುತ್ತೆ. ಹಾಗಾಗಿ ಈಗ ಕಡಿಮೆ ಬಂತು ಅಂತ ಡೂಪ್ಲಿಕೇಟ್ ಅನ್ನೋಕಾಗಲ್ಲ. ಬಾಟಲಿ ಮೇಲೇ ಅನುಮಾನ ಇದ್ದರೆ ಬಾಟಲಿಯನ್ನೇ ಪರೀಕ್ಷೆ ಮಾಡಿಸಬೇಕು.

ನನ್ನ ಭಯ ಬೇರೆ. ರಕ್ತದಲ್ಲಿ ಔಷಧಿ ಸರಿಯಾಗಿದ್ದೂ ಉಣ್ಣೆ ಸಾಯದಿದ್ದರೆ, ಉಣ್ಣೆ ಔಷಧಿಗೆ ಒಗ್ಗಿಕೊಂಡಿದೆಯಾ ಅಂತ ಯೋಚಿಸಬೇಕಾಗುತ್ತೆ. ಕಣ್ಣಳತೆಯಲ್ಲಿ ಅರ್ಧಂಬರ್ಧ ಡೋಸ್ ಕೊಟ್ಟರೆ ಅದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಕೊಟ್ಟಿಗೆ ಗೋಡೆಯ ಬಿರುಕೂ ನೋಡಿ. ಉದುರಿದ ಒಂದು ಹೆಣ್ಣು ಉಣ್ಣೆ ಎರಡು ಮೂರು ಸಾವಿರ ಮೊಟ್ಟೆ ಇಡುತ್ತೆ.

ತುಮಕೂರು ಸದಸ್ಯ: ಫಾರ್ವರ್ಡ್ ಬಂದಿದೆ. ಇಂಜೆಕ್ಷನ್ ಔಷಧೀನ ಬೇವಿನೆಣ್ಣೆಗೆ ಬೆರೆಸಿ ಬೆನ್ನಿಗೆ ಸುರಿದರೆ ರಕ್ತಕ್ಕೆ ಸೇರಲ್ವಂತೆ, ಹಾಲು ಮಾರಬಹುದಂತೆ.

ಡಾಕ್ಟರ್: ಸುಳ್ಳು. ಮಾಡಬೇಡಿ. ಬೆನ್ನಿಗೆ ಸುರಿಯೋಕೆ ಅಂತ ಬರುವ ಔಷಧಿಯೇ ಬೇರೆ, ಅದೂ ರಕ್ತಕ್ಕೆ ಹೋಗುತ್ತೆ. ಪಕ್ಕದ ಹಸು ನೆಕ್ಕಿದರೆ ಅದರ ರಕ್ತದಲ್ಲೂ ಸಿಗುತ್ತೆ. ಐವರ್‌ಮೆಕ್ಟಿನ್ ಕೊಬ್ಬಿನಲ್ಲಿ ಕರಗುತ್ತೆ, ಹಾಲಿಗೆ ಬರುತ್ತೆ. ಆ ಹಾಲು ಮಕ್ಕಳು ಕುಡೀತಾರೆ.

ಮದ್ದೂರು ಸದಸ್ಯ: ನಮ್ಮ ಕಡೆ ಇವತ್ತು ಹಾಕಿಸಿ ನಾಳೆಯೇ ಡೇರಿಗೆ ಹಾಕ್ತಾರೆ. ಯಾರಿಗೇನಾಗಿದೆ?

ಚನ್ನಪಟ್ಟಣ ಸದಸ್ಯೆ: ನಿಮ್ಮಂಥವರಿಂದ ನಮ್ಮ ಹಾಲಿಗೂ ಕೆಟ್ಟ ಹೆಸರು.

ಮದ್ದೂರು ಸದಸ್ಯ: ಹಾಲು ಚೆಲ್ಲಿದರೆ ಫೀಡ್ ದುಡ್ಡು ನೀವು ಕೊಡ್ತೀರಾ ಅಕ್ಕ?

ಚನ್ನಪಟ್ಟಣ ಸದಸ್ಯೆ: ನಿಮ್ಮ ಮನೆ ಮಗುಗೆ ಅದೇ ಹಾಲು ಕುಡಿಸ್ತೀರಾ? ಅದು ಹೇಳಿ ಮೊದಲು.

ಶಿರಾ ಸದಸ್ಯ: ಕುರಿಗೆ ಎಷ್ಟು ಮಿಲಿ ಸರ್?

ತುಮಕೂರು ಸದಸ್ಯ: ಹೊಗೆಸೊಪ್ಪಿನ ನೀರು ಬಳಿದರೆ ಒಂದೇ ದಿನಕ್ಕೆ ಉದುರುತ್ತೆ ಅಂತ ವಿಡಿಯೋ ಇದೆ, ಹಾಕಲಾ?

ಡಾಕ್ಟರ್: ಬೇಡ. ಅದು ವಿಷ, ಕಡಸು ನೆಕ್ಕಿದರೆ ಪ್ರಾಣಕ್ಕೆ ಬರುತ್ತೆ. ಫಾರ್ವರ್ಡ್ ನಿಲ್ಲಿಸಿ.

ಅರಸೀಕೆರೆಯವರೇ, ಉಳಿದ 3 ಮಿಲಿ ನೀವೇ ಚುಚ್ಚಬೇಡಿ. ಕಡಸಿಗೆ ಜ್ವರ ಇದೆಯಾ, ಕಣ್ಣಿನ ಒಳರೆಪ್ಪೆ ಬಿಳಿಚಿದೆಯಾ ನೋಡಿ. ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನಾಳೆಗೆ ಕಾಯಬೇಡಿ, ಈಗಲೇ ಫೋನ್ ಮಾಡಿ.